ರೋಮನ್ ಬೆಳ್ಳಿ ನಾಣ್ಯ ಕೂಡಿಡೋದು ಹೇಗೆ, ಎಲ್ಲಿಂದ ಶುರು ಮಾಡೋದು

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಹಳೇ ಕಾಸು ಕೂಡಿಡೋ ಹುಚ್ಚಿರೋರು ಬೇಕಾದಷ್ಟು ಜನ ಇದಾರೆ, ಟಿಪ್ಪುವಿನ ಆನೆ ಕಾಸು, ಮೈಸೂರು ಒಡೆಯರ ಕಾಲದ್ದು, ವಿಕ್ಟೋರಿಯಾ ರಾಣಿ ರೂಪಾಯಿ ಎಲ್ಲಾ ಡಬ್ಬಿ ತುಂಬಾ ಇಟ್ಕೊಂಡಿರ್ತಾರೆ, ಆದ್ರೆ ರೋಮನ್ ನಾಣ್ಯ ಅಂದ ತಕ್ಷಣ ಅಯ್ಯೋ ಅದು ಮ್ಯೂಸಿಯಂನಲ್ಲಿರೋದು, ಲಕ್ಷಗಟ್ಟಲೆ ಬೇಕು ಅಂತ ಕೈಬಿಟ್ಬಿಡ್ತಾರೆ. ಹಂಗೇನಿಲ್ಲ ಕಣ್ರೀ. ರೋಮ್‌ನೋರು ಬೆಳ್ಳಿ ನಾಣ್ಯಾನ ಕೋಟಿಗಟ್ಟಲೆ ಅಚ್ಚು ಹಾಕ್ಸಿದ್ರು, ಆಗಿನ ಜನ ಮಡಕೇಲಿ ತುಂಬಿ ನೆಲದಲ್ಲಿ ಹೂತಿಟ್ರು, ಅದಕ್ಕೇ ಇವತ್ತಿಗೂ 1800 ವರ್ಷ ಹಳೇದೊಂದು ಚೆನ್ನಾಗಿರೋ ಡಿನೇರಿಯಸ್ ಅನ್ನೋ ಬೆಳ್ಳಿ ನಾಣ್ಯ ಹೊರದೇಶದ ಅಂಗಡಿಗಳಲ್ಲಿ ಐದಾರು ಸಾವಿರ ರೂಪಾಯಿ ಆಸುಪಾಸಲ್ಲಿ ಸಿಗುತ್ತೆ. ದುಡ್ಡಿಗಿಂತ ಜಾಸ್ತಿ ಬೇಕಾಗಿರೋದು ತಾಳ್ಮೆ. ನಾಣ್ಯ ಹೆಂಗಿರುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗ್ಬೇಕು, ಆಮೇಲೆ ಕಾಗದಪತ್ರ ಸರಿಯಾಗಿರೋದನ್ನ ಮಾತ್ರ ತಗೋಬೇಕು. ಇವೆರಡು ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ.

ಡಿನೇರಿಯಸ್ ಅಂದ್ರೆ ಏನು ಅಂತ ಒಂಚೂರು ಹೇಳ್ಬಿಡ್ತೀನಿ. ಕ್ರಿ.ಪೂ. 211ರ ಹೊತ್ತಿಗೆ ರೋಮ್ ಈ ನಾಣ್ಯ ಶುರು ಮಾಡ್ತು, ಆಮೇಲೆ ನಾನೂರು ವರ್ಷಕ್ಕೂ ಮೇಲೆ ಅದೇ ಅವರ ಮುಖ್ಯ ಬೆಳ್ಳಿ ನಾಣ್ಯ. ಅಗಲ 17ರಿಂದ 19 ಮಿಲಿಮೀಟರ್ ಅಷ್ಟೇ, ಅಂಗೈಲಿಟ್ರೆ ಇಷ್ಟು ಸಣ್ಣದಾ ಅನ್ಸುತ್ತೆ, ಆದ್ರೆ ದಪ್ಪ ಇರುತ್ತೆ. ರೋಮ್‌ನ ಮೊದಲನೇ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಒಬ್ಬ ಸಿಪಾಯಿಗೆ ವರ್ಷದ ಸಂಬಳ 225 ಡಿನೇರಿಯಸ್. ಇನ್ನು ಮೂಡಿಗೆರೆ, ಸಕಲೇಶಪುರದ ಬೆಳೆಗಾರರು ಇದನ್ನ ಕೇಳಿ, ಮೊದಲನೇ ಶತಮಾನದಲ್ಲಿ ಪ್ಲಿನಿ ಅನ್ನೋ ರೋಮನ್ ಲೇಖಕರು ಬರೆದಿಟ್ಟಿರೋ ರೇಟ್ ಪ್ರಕಾರ ರೋಮ್‌ನಲ್ಲಿ ಕರಿಮೆಣಸು ಒಂದು ಪೌಂಡಿಗೆ 4 ಡಿನೇರಿಯಸ್, ಅವರ ಪೌಂಡ್ ಸುಮಾರು 325 ಗ್ರಾಂ, ಅಂದ್ರೆ ಕೆಜಿಗೆ ಹನ್ನೆರಡು ಚಿಲ್ಲರೆ, ಲೆಕ್ಕ ಹಾಕಿದ್ರೆ ಆ ಸಿಪಾಯಿಯ ಇಡೀ ವರ್ಷದ ಸಂಬಳ ಹದಿನೆಂಟು ಕೆಜಿ ಮೆಣಸಿಗೆ ಸರಿಹೋಗುತ್ತೆ. ಪಶ್ಚಿಮ ಘಟ್ಟದ ಮೆಣಸು ಕೇರಳದ ಮುಜಿರಿಸ್ ಬಂದರಿಂದ ಹಡಗು ಹತ್ತಿ ಹೋಗ್ತಿತ್ತು, ಬದಲಿಗೆ ಬಂಗಾರ, ಬೆಳ್ಳಿ ನಾಣ್ಯ ಇಲ್ಲಿಗೆ ಬರ್ತಿತ್ತು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಇಂಡಿಯಾಗೇ ಹೋಗ್ತಿದೆ ಅಂತ ಅದೇ ಪ್ಲಿನಿ ಗೋಳಾಡಿದಾರೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್.

ನಮ್ಮ ರಾಜ್ಯದಲ್ಲೇ ಇದಕ್ಕೆ ಗಟ್ಟಿ ಸಾಕ್ಷಿ ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕಿದ್ವು, 1965ರಲ್ಲಿ ಎಚ್‌ಎಎಲ್ ಹತ್ರ ಇನ್ನೊಂದು ಗಂಟು ಸಿಕ್ತು, ನಮ್ಮ ಕಡೂರು, ತರೀಕೆರೆಯ ಪಕ್ಕದ ಜಿಲ್ಲೆ ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಗೋ ಡಿನೇರಿಯಸ್‌ಗಳಲ್ಲಿ ಬಹುಪಾಲು ಎರಡೇ ನಮೂನೆ. ಒಂದು ಅಗಸ್ಟಸ್‌ದು, ಹಿಂಬದೀಲಿ ಅವನ ಮೊಮ್ಮಕ್ಕಳಾದ ಗೈಯಸ್, ಲೂಸಿಯಸ್ ಇಬ್ಬರೂ ನಿಂತಿದಾರೆ, ಮಧ್ಯೆ ಗುರಾಣಿ ಮತ್ತೆ ಈಟಿ. ಇನ್ನೊಂದು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ದು, ಹಿಂಬದೀಲಿ ಒಬ್ಬ ಹೆಂಗಸು ಕುರ್ಚೀಲಿ ಕೂತಿರೋದು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ತೂಕಾನೂ ಇಳಿಸ್ದ, ಬೆಳ್ಳಿ ಅಂಶಾನೂ ಇಳಿಸ್ದ, ಅದಾದ್ಮೇಲಿನ ಡಿನೇರಿಯಸ್ ನಮ್ಮ ಕಡೆ ಸಿಗೋದು ತುಂಬಾ ಕಮ್ಮಿ. ಇಲ್ಲಿನ ವ್ಯಾಪಾರಿಗಳಿಗೆ ಬೆಳ್ಳಿ ಪರೀಕ್ಷೆ ಮಾಡೋದು ಚೆನ್ನಾಗೇ ಗೊತ್ತಿತ್ತು ಅಂತ ಇದರಿಂದ ನನಗನ್ಸುತ್ತೆ. ಇಲ್ಲಿ ಸಿಕ್ಕಿರೋ ಕೆಲವು ನಾಣ್ಯಗಳ ಮೇಲೆ ಸಣ್ಣ ಉಳಿ ಗುರುತು, ಮುದ್ರೆ ಗುರುತು ಕೂಡ ಇವೆ.

ಇದನ್ನ ಓದಿ ಇಲ್ಲೇ ಎಲ್ಲಾದ್ರೂ ಸಿಗುತ್ತಾ ಅಂತ ಹುಡುಕೋಕೆ ಹೋಗ್ಬೇಡಿ. ತೋಟದಲ್ಲಿ ಕಾಫಿ ಗುಂಡಿ ತೆಗೆಯುವಾಗಲೋ ಕೆರೆ ಹೂಳು ಎತ್ತುವಾಗಲೋ ಹಳೇ ನಾಣ್ಯ ಸಿಕ್ರೆ ಅದು ನಿಮ್ಮದಾಗಲ್ಲ, ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸ್ಲೇಬೇಕು, ಮುಚ್ಚಿಟ್ರೆ ಕೇಸು. ಕಾನೂನು ಪಕ್ಕಕ್ಕಿಡಿ, ಒಂದು ಗಂಟು ನಾಣ್ಯ ಇದ್ದಂಗೇ ಇದ್ರೆ ಅದರಲ್ಲಿರೋ ಕೊನೇ ನಾಣ್ಯ ನೋಡಿ ಯಾವ ಕಾಲದಲ್ಲಿ ಹೂತಿಟ್ರು ಅಂತ ಹೇಳ್ಬೋದು, ನಾಲ್ಕು ಜನ ಹಂಚ್ಕೊಂಡು ಮಾರ್ಬಿಟ್ರೆ ಆ ಊರಿನ ಚರಿತ್ರೇನೇ ಹೋಯ್ತು, ಮತ್ತೆ ಬರಲ್ಲ. ಇಲ್ಲಿ ನೆಲದಲ್ಲಿ ಸಿಕ್ಕಿದ್ದು ಅಂತ ಯಾರಾದ್ರೂ ಬಟ್ಟೇಲಿ ಸುತ್ಕೊಂಡು ತಂದ್ರೆ ಕೈ ಕೂಡ ಹಾಕ್ಬೇಡಿ. ಅದು ನಿಜವಾದ್ದಾದ್ರೆ ಕಳ್ಳಮಾಲು, ಸುಳ್ಳಾದ್ರೆ ದುಡ್ಡು ದಂಡ. ಬೇಲೂರು, ಹಳೇಬೀಡಿಗೆ ಬರೋ ಟೂರಿಸ್ಟ್‌ಗಳಿಗೂ ಒಂದು ಮಾತು, ಎಲ್ಲೇ ಆಗ್ಲಿ ದೇವಸ್ಥಾನದ ಮುಂದೆ ಬೀದೀಲಿ ಪುರಾತನ ನಾಣ್ಯ ಅಂತ ಮಾರೋದನ್ನ ನಂಬ್ಬೇಡಿ. 1818 ಅಂತ ಇಸವಿ ಹಾಕಿ ರಾಮ ಸೀತೆ, ಹನುಮಂತನ ಚಿತ್ರ ಇರೋ ಈಸ್ಟ್ ಇಂಡಿಯಾ ಕಂಪನಿ ಕಾಸು ಅಂತ ಬರುತ್ತಲ್ಲ, ಕಂಪನಿ ಅಂಥದ್ದನ್ನ ಅಚ್ಚೇ ಹಾಕಿಲ್ಲ.

ಸರಿ, ಮೊದಲನೇ ನಾಣ್ಯ ಯಾವುದು ತಗೊಳ್ಳೋದು. ಎಲ್ಲರಿಗೂ ಆ ಟೈಬೀರಿಯಸ್ ಬೇಕು, ಬೈಬಲ್‌ನಲ್ಲಿ ಬರೋ ಕಂದಾಯದ ನಾಣ್ಯ ಇದೇ ಅಂತ ಕ್ರಿಶ್ಚಿಯನ್ನರು ಪ್ರಪಂಚದಾದ್ಯಂತ ಹುಡುಕ್ತಾರೆ, ಅದಕ್ಕೇ ಬೆಲೆ ಏರಿ ಕೂತಿದೆ, ಸುಮಾರಾಗಿರೋದೇ ಇಪ್ಪತ್ತೈದು ಮೂವತ್ತು ಸಾವಿರ ದಾಟುತ್ತೆ, ಹಂಗಾಗಿ ನಕಲೀನೂ ಅದರದ್ದೇ ಜಾಸ್ತಿ. ಅದನ್ನ ಆಮೇಲೆ ನೋಡ್ಕೊಳ್ಳಿ. ನನ್ನ ಕೇಳಿದ್ರೆ ಸೆವೆರಸ್ ಮನೆತನದಿಂದ ಶುರು ಮಾಡಿ, ಅಂದ್ರೆ ಕ್ರಿ.ಶ. 193ರಿಂದ 235ರವರೆಗಿನದು. ಸೆಪ್ಟಿಮಿಯಸ್ ಸೆವೆರಸ್, ಅವನ ಹೆಂಡತಿ ಜೂಲಿಯಾ ಡೊಮ್ನಾ, ಮಗ ಕಾರಕಲ್ಲಾ, ಆಮೇಲೆ ಬಂದ ಅಲೆಕ್ಸಾಂಡರ್ ಸೆವೆರಸ್. ಈ ಹೊತ್ತಿಗೆ ಡಿನೇರಿಯಸ್‌ನಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿತ್ತು, ಆದ್ರೆ ಮುಖ ಕೆತ್ತೋ ಕೆಲಸ ಚೆನ್ನಾಗೇ ಇತ್ತು, ಸಂಖ್ಯೆ ಬೇಕಾದಷ್ಟಿದೆ, ಬೆಲೆ ಕಮ್ಮಿ. ಇಲ್ಲಾಂದ್ರೆ ಮೂರನೇ ಗೋರ್ಡಿಯನ್, ಹದಿಮೂರು ವರ್ಷಕ್ಕೇ ಪಟ್ಟಕ್ಕೆ ಬಂದ ಹುಡುಗ, 238ರಿಂದ 244ರವರೆಗೆ ಆಳಿದ್ದು. ಅವನದ್ದು ಹೆಚ್ಚಾಗಿ ಆಂಟೋನಿನಿಯಾನಸ್ ಅನ್ನೋ ದೊಡ್ಡ ನಾಣ್ಯ, ತಲೆ ಮೇಲೆ ಸೂರ್ಯನ ಕಿರಣದ ಥರ ಮೊನೆ ಮೊನೆ ಕಿರೀಟ ಇರುತ್ತೆ. ಈ ನಾಣ್ಯಾನ 215ರಲ್ಲಿ ಕಾರಕಲ್ಲಾ ಶುರು ಮಾಡಿದ್ದು, ಐವತ್ತು ವರ್ಷ ಕಳೆಯೋದ್ರೊಳಗೆ ಅದರಲ್ಲಿ ಬೆಳ್ಳಿ ಎಷ್ಟು ಇಳೀತು ಅಂದ್ರೆ ಗ್ಯಾಲಿಯೆನಸ್ ಚಕ್ರವರ್ತಿಯ ಕೊನೇ ಕಾಲದ್ದು ಬರೀ ತಾಮ್ರದ ಮೇಲೆ ಬೆಳ್ಳಿ ನೀರು ಬಳಿದಂಗೆ. ಹಾಗಾಗಿ ಬೆಳ್ಳಿ ನಾಣ್ಯಾನೇ ಬೇಕು ಅನ್ನೋರು 250ಕ್ಕಿಂತ ಈಚೆಗೆ ಬರ್ಬೇಡಿ. ಇನ್ನೊಂದು ನನಗಿಷ್ಟವಾದ್ದು ರೋಮನ್ ಸೇನಾಪತಿ ಮಾರ್ಕ್ ಆಂಟನಿ ತನ್ನ ಸೈನ್ಯಕ್ಕೆ ಸಂಬಳ ಕೊಡೋಕೆ ಕ್ರಿ.ಪೂ. 32–31ರಲ್ಲಿ ಹಾಕ್ಸಿದ್ದು, ಒಂದು ಕಡೆ ಹಡಗು ಇನ್ನೊಂದು ಕಡೆ ಹದ್ದು. ಬೆಳ್ಳಿ ಕಮ್ಮಿ ಅಂತ ಯಾರೂ ಕರಗಿಸ್ಲಿಲ್ಲ, ಇನ್ನೂರು ವರ್ಷಕ್ಕೂ ಮೇಲೆ ಕೈಯಿಂದ ಕೈಗೆ ಓಡಾಡ್ತು, ಸವೆದು ನುಣ್ಣಗಾಗಿರೋದು ಕಮ್ಮಿ ಬೆಲೆಗೆ ಸಿಗುತ್ತೆ.

ಓದೋದು ಕಲಿಯೋಕೆ ಲ್ಯಾಟಿನ್ ಬರ್ಬೇಕಾಗಿಲ್ಲ. ಜೂಲಿಯಾ ಡೊಮ್ನಾದು ಒಂದು ಡಿನೇರಿಯಸ್ ಕೈಯಲ್ಲಿದೆ ಅಂದ್ಕೊಳ್ಳಿ. ಬಲಕ್ಕೆ ನೋಡ್ತಿರೋ ಹೆಂಗಸಿನ ಮುಖ, ಕೂದಲು ಅಲೆ ಅಲೆಯಾಗಿ ಬಾಚಿ ಹಿಂದೆ ದೊಡ್ಡ ತುರುಬು ಕಟ್ಟಿದಾರೆ, ಒಂದೊಂದು ಎಳೇನೂ ಕಾಣುತ್ತೆ, ಸುತ್ತ ಎರಡು ಪದ, ಜೂಲಿಯಾ ಆಗಸ್ಟಾ. ಎಡಗಡೆ ಕೆಳಗಿಂದ ಗಡಿಯಾರದ ಮುಳ್ಳಿನ ಹಂಗೆ ಓದ್ಕೊಂಡು ಹೋಗಿ. ಯು ಬರ್ಬೇಕಾದ ಕಡೆ ವಿ, ಜೆ ಬರ್ಬೇಕಾದ ಕಡೆ ಐ ಇರುತ್ತೆ ಅನ್ನೋದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ತಿರುಗಿಸಿದ್ರೆ ಒಬ್ಬ ದೇವಿ ಉರೀತಿರೋ ಬಲಿಪೀಠದ ಪಕ್ಕ ಎರಡೂ ಕೈ ಎತ್ತಿ ನಿಂತಿದಾಳೆ, ಪಿಯೆಟಾಸ್ ಪಬ್ಲಿಕಾ ಅಂತ ಬರಹ. ಸಿರಿಯಾದ ಎಮೆಸಾ ಊರಿಂದ ಬಂದ ಹೆಣ್ಣುಮಗಳು ರೋಮ್‌ನ ರಾಣಿಯಾಗಿ ತನ್ನ ಭಕ್ತಿ ತೋರಿಸ್ಕೊಳ್ತಿರೋದು ಇದು. ರಾಜರ ನಾಣ್ಯಗಳಲ್ಲಿ ಎ-ವಿ-ಜಿ ಅಂದ್ರೆ ಆಗಸ್ಟಸ್ ಅನ್ನೋ ಚಕ್ರವರ್ತಿ ಬಿರುದು, ಐ-ಎಂ-ಪಿ ಅಂದ್ರೆ ಸೇನಾಧಿಪತಿ ಪದವಿ, ಸಿ-ಒ-ಎಸ್ ಅಂದ್ರೆ ಕಾನ್ಸಲ್ ಅನ್ನೋ ರೋಮ್‌ನ ದೊಡ್ಡ ಅಧಿಕಾರಿ ಪದವಿ. ಈ ಸಿ-ಒ-ಎಸ್ ಮುಂದೆ ಎಷ್ಟನೇ ಸಲ ಕಾನ್ಸಲ್ ಆಗಿದ್ದು ಅನ್ನೋ ನಂಬರ್ ಇರುತ್ತೆ, ಅದರಿಂದ ಇಸವಿ ಹಿಡೀಬೋದು. ಟ್ರಾಜನ್ ಚಕ್ರವರ್ತಿಯ ನಾಣ್ಯದಲ್ಲಿ ರೋಮನ್ ಅಂಕಿ ಐದು ಇದ್ರೆ ಅದು 103ರಿಂದ 111ರೊಳಗಿನದು, ಆರು ಇದ್ರೆ 112ರ ನಂತರದ್ದು. ಬರಹ ಓದೋಕೆ ಬಂದ್ರೆ ಅಮೆರಿಕದ ನಾಣ್ಯಶಾಸ್ತ್ರ ಸಂಸ್ಥೆಯೋರು ನಡೆಸೋ ಒಸಿಆರ್‌ಇ ಅನ್ನೋ ವೆಬ್‌ಸೈಟಿಗೆ ಹೋಗಿ, ಫ್ರೀ ಇದೆ, ಅಲ್ಲಿ ಹುಡುಕಿದ್ರೆ ಆರ್‌ಐಸಿ ಅನ್ನೋ ಕ್ಯಾಟಲಾಗಿನ ನಂಬರ್ ಸಿಗುತ್ತೆ. ಪ್ರಪಂಚದಲ್ಲಿ ಎಲ್ಲರೂ ರೋಮನ್ ಸಾಮ್ರಾಜ್ಯದ ನಾಣ್ಯಾನ ಗುರುತಿಸೋದು ಆ ನಂಬರಿಂದ್ಲೇ. ಒಂದು ರೂಪಾಯಿ ಖರ್ಚು ಮಾಡೋಕೆ ಮುಂಚೆ ಎರಡು ಮೂರು ತಿಂಗಳು ದಿನಾ ರಾತ್ರಿ ಅಲ್ಲಿನ ಫೋಟೋ ನೋಡಿ, ಇಷ್ಟು ಮಾಡಿದ್ರೆ ನಕಲಿ ನೋಡಿದ ತಕ್ಷಣ ಏನೋ ಸರಿಯಿಲ್ಲ ಅಂತ ಕಣ್ಣೇ ಹೇಳುತ್ತೆ.

ನಕಲಿ ಹಿಡಿಯೋದು ಈ ಹವ್ಯಾಸದಲ್ಲಿ ದೊಡ್ಡ ಕೆಲಸ, ಇಲ್ಲಿ ಅವಸರ ಬೇಡ. ಅಸಲಿ ನಾಣ್ಯ ಎರಡು ಅಚ್ಚಿನ ಮಧ್ಯೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೇಲಿ ಹೊಡೆದಿದ್ದು, ಅದಕ್ಕೇ ಚಿತ್ರ ಒಂಚೂರು ಪಕ್ಕಕ್ಕೆ ಸರಿದಿರುತ್ತೆ, ಅಂಚಲ್ಲಿ ಸೀಳು ಬಿಟ್ಟಿರುತ್ತೆ, ಅಕ್ಷರದ ಬುಡ ಚೂಪಾಗಿರುತ್ತೆ, ಲೋಹ ಒಳಗಿಂದ ಅಂಚಿನ ಕಡೆಗೆ ಹರಿದಿರೋ ಸಣ್ಣ ಗೆರೆಗಳು ಕಾಣುತ್ತೆ. ಎರಕ ಹೊಯ್ದಿರೋ ನಕಲೀಲಿ ಅಕ್ಷರ ಎಲ್ಲಾ ಸೋಪು ಸವೆದಂಗೆ ಮೆತ್ತಗೆ, ಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಲ್ಲಿ ಸುತ್ತಲೂ ಒಂದು ಜೋಡಣೆ ಗೆರೆ ಅಥವಾ ಅದನ್ನ ಅರ ಹಾಕಿ ಉಜ್ಜಿರೋ ಗುರುತು. ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ತಗೊಂಡು ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ, ನೇರ ಬೆಳಕಲ್ಲಿ ಇದ್ಯಾವುದೂ ಕಾಣಲ್ಲ. ಇನ್ನೊಂದು ಮುಖ್ಯವಾದ್ದು, ಒಂದೇ ಅಚ್ಚಿಂದ ಬಂದ ಎರಡು ನಾಣ್ಯ ಇರ್ಬೋದು, ಆದ್ರೆ ಅದೇ ಸೀಳು, ಅದೇ ಸವೆತ, ಅದೇ ಥರ ಪಕ್ಕಕ್ಕೆ ಸರಿದಿರೋದು ಎರಡರಲ್ಲೂ ಇರೋಕೆ ಸಾಧ್ಯಾನೇ ಇಲ್ಲ, ಹಂಗೆ ಕಂಡ್ರೆ ಎರಡೂ ನಕಲಿ ಅಥವಾ ಒಂದರಿಂದ ಇನ್ನೊಂದು ಮಾಡಿದ್ದು. ರೋಮನ್ನರ ಕಾಲದಲ್ಲೇ ಕಳ್ಳರು ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಸುತ್ತಿ ಮಾಡಿದ ನಾಣ್ಯಾನೂ ಇವೆ, ಬೆಳ್ಳಿ ಕಿತ್ತು ಹೋದ ಕಡೆ ತಾಮ್ರ ಕಾಣುತ್ತೆ. ಅವು ಹಳೇವೇ, ಅವನ್ನೂ ಕೂಡಿಡೋರು ಇದಾರೆ, ಬೆಲೆ ಮಾತ್ರ ಅದಕ್ಕೆ ತಕ್ಕಂಗೆ ಇರ್ಬೇಕು.

ತೂಕ ನೋಡೋಕೆ 0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ಸಾಕು. ನೀರೋಗಿಂತ ಮುಂಚಿನದ್ದು 3.7ರಿಂದ 3.9 ಗ್ರಾಂ, ಅವನ ನಂತರದ್ದು 3.2ರಿಂದ 3.4, ಸವೆದಿದ್ರೆ ಒಂಚೂರು ಕಮ್ಮಿ. ತಕ್ಕಡಿ ಇದ್ರೆ ಸಾಂದ್ರತೇನೂ, ಅಂದ್ರೆ ಅಷ್ಟೇ ಜಾಗ ಹಿಡಿಯೋ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದನ್ನೂ, ನೋಡ್ಬೋದು. ಒಂದು ಸಣ್ಣ ಲೋಟದಲ್ಲಿ ನೀರಿಟ್ಟು ತಕ್ಕಡಿ ಸೊನ್ನೆಗೆ ತನ್ನಿ, ನಾಣ್ಯಾನ ತೆಳ್ಳಗಿರೋ ದಾರಕ್ಕೆ ಕಟ್ಟಿ ಪೂರ್ತಿ ಮುಳುಗೋ ಹಂಗೆ ಇಳಿಬಿಡಿ, ತಳಕ್ಕಾಗ್ಲಿ ಗೋಡೆಗಾಗ್ಲಿ ತಾಗ್ಬಾರ್ದು, ಮೈಗೆ ಗುಳ್ಳೆ ಅಂಟಿರ್ಬಾರ್ದು. ಈಗ ತಕ್ಕಡಿ ಎಷ್ಟು ತೋರಿಸುತ್ತೋ ಅದರಿಂದ ನಾಣ್ಯದ ತೂಕಾನ ಭಾಗಿಸಿ. 3.30 ಗ್ರಾಂ ಟ್ರಾಜನ್ ನಾಣ್ಯಕ್ಕೆ 0.32 ಬಂದ್ರೆ ಉತ್ತರ 10.3, ಒಳ್ಳೇ ಬೆಳ್ಳಿ. ಶುದ್ಧ ಬೆಳ್ಳಿ 10.49, ತಾಮ್ರ 8.96, ಅರ್ಧರ್ಧ ಇರೋ ಸೆವೆರಸ್ ಕಾಲದ್ದು 9.6 ಆಸುಪಾಸು. ಇಷ್ಟು ಸಣ್ಣ ನಾಣ್ಯಕ್ಕೆ 0.01 ಹೆಚ್ಚುಕಮ್ಮಿ ಆದ್ರೂ ಉತ್ತರ 10ರಿಂದ 10.6ರವರೆಗೆ ಹಾರುತ್ತೆ, ಅದಕ್ಕೇ ನಾಲ್ಕಾರು ಸಲ ಮಾಡಿ ಸರಾಸರಿ ತೆಗೀರಿ. ಬೆಳ್ಳೀಲೇ ಮಾಡಿರೋ ನಕಲಿ ಇದರಲ್ಲಿ ಪಾಸಾಗ್ಬಿಡುತ್ತೆ ಅನ್ನೋದು ಮಾತ್ರ ನೆನಪಿರ್ಲಿ. ಬಂಗಾರದಂಗಡೀಲಿ ಮಷೀನ್‌ಗೆ ಹಾಕ್ಸಿದ್ರೂ ಅದು ಮೇಲ್ಮೈ ಮಾತ್ರ ಓದುತ್ತೆ, ಹಳೇ ನಾಣ್ಯದ ಮೇಲ್ಪದರದಲ್ಲಿ ಒಳಗಿಗಿಂತ ಬೆಳ್ಳಿ ಜಾಸ್ತಿ ತೋರಿಸೋದು ಮಾಮೂಲಿ. ಆದ್ರೆ 99.9 ಅಂತ ಬಂದು ಚಿನ್ನ, ಸೀಸದ ಸುಳಿವೇ ಇಲ್ಲಾಂದ್ರೆ ಅನುಮಾನ ಪಡಿ, ಹಳೇ ಕಾಲದ ಬೆಳ್ಳೀಲಿ ಅವು ಒಂಚೂರಾದ್ರೂ ಉಳಿದಿರುತ್ತೆ. ಒರೆಗಲ್ಲಿಗೆ ಉಜ್ಜೋಕೆ, ಅಂಚು ಕೆರೆಯೋಕೆ ಮಾತ್ರ ಯಾರಿಗೂ ಕೊಡ್ಬೇಡಿ.

ಕೊಳ್ಳೋ ವಿಷ್ಯಕ್ಕೆ ಬಂದ್ರೆ ಕಾನೂನು ಗೊತ್ತಿರ್ಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು, ನಮ್ಮಂಥೋರು ದೇಶದಿಂದ ಹೊರಗೆ ಕಳಿಸೋಹಂಗಿಲ್ಲ. ಈ ಎರಡನೇದು ಬಹಳ ಜನಕ್ಕೆ ಹೊಳೆಯಲ್ಲ. ಜರ್ಮನಿಯಿಂದಲೋ ಇಂಗ್ಲೆಂಡಿಂದಲೋ ತರಿಸ್ತೀರ, ಕೈಗೆ ಬಂದ್ಮೇಲೆ ಇಷ್ಟ ಆಗ್ಲಿಲ್ಲ, ವಾಪಸ್ ಕಳಿಸೋಣ ಅಂದ್ರೆ ಅದು ಪುರಾತನ ವಸ್ತುವಿನ ರಫ್ತು ಆಗ್ಬಿಡುತ್ತೆ. ಹಂಗಾಗಿ ಪ್ರಶ್ನೆ ಎಲ್ಲಾ ಆರ್ಡರ್ ಮಾಡೋ ಮುಂಚೆನೇ ಕೇಳಿ, ಅಂಚಿನ ಫೋಟೋ ಕಳಿಸಿ ಅನ್ನಿ, ತೂಕ ಕೇಳಿ, ಇದು ಮೊದಲು ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಲ್ಲಿ ಬಂತು ಅಂತ ಕೇಳಿ. ಒಳ್ಳೇ ವ್ಯಾಪಾರಿ ಬೇಜಾರು ಮಾಡ್ಕೊಳಲ್ಲ, ಮಾಡ್ಕೊಂಡ್ರೆ ಅಲ್ಲಿ ಕೊಳ್ಳೋದು ಬೇಡ. ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೀಳುತ್ತೆ, ರೇಟ್ ಬದಲಾಗ್ತಿರುತ್ತೆ, ಆ ದಿನದ ರೇಟ್ ಕೊರಿಯರ್‌ನೋರ ಹತ್ರ ವಿಚಾರಿಸ್ಕೊಂಡು ಬಜೆಟ್‌ಗೆ ಸೇರಿಸ್ಕೊಳ್ಳಿ. ಗಿಫ್ಟ್ ಅಂತ ಬರೆದು ಕಮ್ಮಿ ಬೆಲೆ ಹಾಕಿ ಕಳಿಸ್ತೀನಿ ಅಂತ ಮಾರೋರೇ ಕೆಲವು ಸಲ ಹೇಳ್ತಾರೆ, ಖಂಡಿತ ಒಪ್ಕೋಬೇಡಿ, ನಾಳೆ ನಿಮ್ಮ ಹತ್ರ ಉಳಿಯೋ ಏಕೈಕ ಸಾಕ್ಷಿ ಆ ಬಿಲ್ಲು. ಬೆಂಗಳೂರಲ್ಲಿ ನಾಣ್ಯ ಪ್ರದರ್ಶನ, ಹರಾಜು ನಡೀತಾವೆ, ಹಾಸನದಿಂದ ಬೆಳಗ್ಗೆ ರೈಲು ಹತ್ತಿದ್ರೆ ನೋಡ್ಕೊಂಡು ರಾತ್ರಿ ಊಟಕ್ಕೆ ಮನೇಲಿರ್ಬೋದು. ಅಲ್ಲಿ ಕೈಯಲ್ಲಿ ಹಿಡಿದು ನೋಡೋಕೆ ಸಿಗುತ್ತೆ, ಅದೇ ದೊಡ್ಡ ಲಾಭ. ಮಾರೋರ ಲೈಸೆನ್ಸ್ ನಂಬರ್ ಬಿಲ್ಲಲ್ಲಿ ಬರೆಸ್ಕೊಳ್ಳಿ.

ಕಾಗದಪತ್ರಕ್ಕೆ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಜೂಲಿಯಸ್ ಸೀಸರನ್ನ ಕೊಂದ ಬ್ರೂಟಸ್ ಹಾಕ್ಸಿದ ನಾಣ್ಯ ಇದೆ, ಎರಡು ಕಠಾರಿ ಮಧ್ಯೆ ಒಂದು ಟೋಪಿ. ಅದರ ಬಂಗಾರದ್ದೊಂದು 2020ರಲ್ಲಿ ಲಂಡನ್‌ನಲ್ಲಿ 40 ಲಕ್ಷ ಡಾಲರಿಗೂ ಮೇಲೆ ಹರಾಜಾಯ್ತು, ಆಮೇಲೆ ನೋಡಿದ್ರೆ ಅದರ ಹಿಂದಿನ ಮಾಲೀಕರ ಕಥೆಯೆಲ್ಲ ಕಟ್ಟುಕಥೆ, 2023ರಲ್ಲಿ ನಾಣ್ಯ ಗ್ರೀಸ್ ದೇಶಕ್ಕೆ ವಾಪಸ್ ಹೋಯ್ತು. ಅಂಥ ಜಾಗದಲ್ಲೇ ಹಿಂಗಾದ್ರೆ ನಾವೆಷ್ಟು ಹುಷಾರಾಗಿರ್ಬೇಕು.

ನಾಣ್ಯ ಮನೆಗೆ ಬಂತು. ಮೊದಲನೇ ಕೆಲಸ ಮನೇಲಿರೋರಿಗೆಲ್ಲ ಹೇಳಿಡಿ, ಇದನ್ನ ತೊಳೀಬಾರ್ದು ಅಂತ. ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮದ ಬಟ್ಟಲು, ದೀಪ ಎಲ್ಲಾ ವಿಭೂತಿ ಹಾಕಿ ಉಜ್ಜುವಾಗ ಇದೂ ಕಪ್ಪಾಗಿದೆ ಅಂತ ಅಮ್ಮನೋ ಅತ್ತೇನೋ ಪ್ರೀತಿಯಿಂದ ಸೇರಿಸ್ಬಿಟ್ರೆ ಎರಡು ಸಾವಿರ ವರ್ಷದ ಮೇಲ್ಪದರ ಐದು ನಿಮಿಷದಲ್ಲಿ ಹೋಗುತ್ತೆ, ಜೊತೆಗೆ ಅದರ ಬೆಲೆ ಅರ್ಧ. ಆ ಬೂದು ಕಪ್ಪು ಬಣ್ಣಾನೇ ಅದರ ಚೆಂದ. ಮಣ್ಣೇನಾದ್ರೂ ಇದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಡಿ, ಅಷ್ಟೇ, ಪೇಸ್ಟು, ಹುಣಸೆಹಣ್ಣು, ಬೆಳ್ಳಿ ಪಾಲಿಶ್ ಯಾವುದೂ ಬೇಡ. ಹಿಡ್ಕೊಳ್ಳೋವಾಗ ಅಂಚಲ್ಲಿ ಹಿಡೀರಿ, ಕೆಳಗೆ ದಪ್ಪ ಟವೆಲ್ ಹಾಸಿರ್ಲಿ, ಯಾಕಂದ್ರೆ ಹಳೇ ಬೆಳ್ಳಿ ಒಳಗೊಳಗೇ ಹರಳುಗಟ್ಟಿರುತ್ತೆ, ಗಾರೆ ನೆಲಕ್ಕೆ ಬಿದ್ರೆ ಬಿಸ್ಕತ್ತಿನ ಹಂಗೆ ಮುರಿದೋಗ್ಬೋದು.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ, ಅರ್ಧ ಬೆಳ್ಳಿ ಅರ್ಧ ತಾಮ್ರದ ನಾಣ್ಯಕ್ಕೆ ಹಸಿರು ಬರೋದು ಇಂಥ ತೇವದಲ್ಲೇ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದನ್ನ ಬಣ್ಣ ಬದಲಾದಾಗೆಲ್ಲ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ ಒಣಗಿಸಿ ವಾಪಸ್ ಇಡಿ. ಪಿವಿಸಿ ಪೌಚ್ ಬೇಡ, ಮೆತ್ತಗಿದ್ದು ಹೊಸ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಲ್ಲ ಅದು, ನಾಲ್ಕೈದು ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತೆ, ಮೈಲಾರ್ ಅನ್ನೋ ಬೇರೆ ಥರದ ಪ್ಲಾಸ್ಟಿಕ್‌ದು ಕೇಳಿ ತಗೊಳ್ಳಿ. ರಬ್ಬರ್ ಬ್ಯಾಂಡ್ ಹತ್ರ ಕೂಡ ಇಡ್ಬೇಡಿ, ಗಂಧಕ ಇರುತ್ತೆ, ಬೆಳ್ಳಿ ಕಪ್ಪಾಗುತ್ತೆ. ಹೊಸ ಪ್ಲೈವುಡ್ ಬೀರೂನೂ ಒಳ್ಳೇದಲ್ಲ.

ಒಂದು ನೋಟ್‌ಬುಕ್ ಇಟ್ಕೊಂಡು ಪ್ರತಿ ನಾಣ್ಯಕ್ಕೂ ಒಂದು ಪುಟ ಕೊಡಿ. ತೂಕ, ಅಗಲ, ಆರ್‌ಐಸಿ ನಂಬರ್, ಯಾರ ಹತ್ರ ಯಾವತ್ತು ಎಷ್ಟಕ್ಕೆ ತಗೊಂಡಿದ್ದು, ಎರಡೂ ಮುಖದ ಫೋಟೋ, ಬಿಲ್ಲು ಮತ್ತೆ ಕಸ್ಟಮ್ಸ್ ರಸೀದಿಯ ಜೆರಾಕ್ಸ್, ಹಳೇ ಮಾಲೀಕರು ಬರೆದ ಚೀಟಿ ಇದ್ರೆ ಅದನ್ನೂ ಅಲ್ಲೇ ಸೇರಿಸಿ, ಎಷ್ಟೇ ಹರಿದಿರ್ಲಿ ಎಸೀಬೇಡಿ. ನೋಟ್‌ಬುಕ್ ಎಲ್ಲಿದೆ, ಮಾರ್ಬೇಕಾಗಿ ಬಂದ್ರೆ ಯಾರನ್ನ ಕೇಳ್ಬೇಕು ಅಂತ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ತೋರಿಸಿಡಿ, ಇಲ್ಲಾಂದ್ರೆ ನಾವಿಲ್ಲದ ಮೇಲೆ ಜೂಲಿಯಾ ಡೊಮ್ನಾನ ಕಾಲುಂಗುರದ ಜೊತೆ ಸೇರಿಸಿ ಬಂಗಾರದಂಗಡೀಲಿ ಗ್ರಾಂ ಲೆಕ್ಕಕ್ಕೆ ತೂಗಿಸ್ಬಿಡ್ತಾರೆ.